ಕಾಶಿಗೆ ಹೋದ ಕಂಪೆನಿಯ ಹುಡುಗ

ಕಾಶಿಯಾತ್ರೆ ಮುಗಿಸಿ ಬಂದವರು ಗಂಗಾಸ್ನಾನದ ಪುಣ್ಯವನ್ನೂ ವಿಶ್ವನಾಥನ ದರ್ಶನವನ್ನೂ ವರ್ಣಿಸುವುದುಂಟು. ಅದೇ ಕ್ಷೇತ್ರಕ್ಕೆ ವಿದ್ಯೆಯನ್ನರಸಿ ಹೋದ ಕನ್ನಡಿಗರೊಬ್ಬರ ವಿಚಾರವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಶ್ರೀ ಬಿ. ವಿ. ಕಾರಂತರು 1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯನ್ನು ಸೇರಿದರು. ವೀರಣ್ಣನವರು ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಅಲ್ಲಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿಯಲ್ಲಿ ಎಂ. ಎ. ಪದವಿ ಪಡೆದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಅಭ್ಯಸಿಸಿದರು.

ಆಧುನಿಕ ಹಿಂದಿ ನಾಟಕಕ್ಕೆ ಕಾಶಿಯೇ ತವರು. ಭಾರತೇಂದು ಹರಿಶ್ಚಂದ್ರರು (1850–1885) ಆ ಊರಿನವರು. ಪತ್ರಿಕೆಗಳನ್ನು ನಡೆಸಿದ ಕೈಯಿಂದಲೇ ನಾಟಕಗಳನ್ನೂ ರಚಿಸಿದವರು. 1876ರಲ್ಲಿ ಬ್ರಿಟಿಷ್ ಸರಕಾರವು ತನಗೆ ಒಗ್ಗದ ನಾಟಕಗಳನ್ನು ನಿಷೇಧಿಸಲು ಕಾಯಿದೆಯನ್ನು ಮಾಡಿತು. ಐದು ವರ್ಷಗಳ ಬಳಿಕ, 1881ರಲ್ಲಿ, ಹರಿಶ್ಚಂದ್ರರು ‘ಅಂಧೇರ್ ನಗರಿ’ಯನ್ನು ಬರೆದರು. ಗೋಡೆ ಕುಸಿದು ಮೇಕೆ ಸತ್ತಿತೆಂಬ ದೂರಿನ ಮೇಲೆ ಅರಸನ ಮುಂದೆ ವಿಚಾರಣೆ. ತಪ್ಪು ಒಬ್ಬನಿಂದ ಒಬ್ಬನಿಗೆ ದಾಟುತ್ತ ಹೋಗುತ್ತದೆ. ಕಡೆಗೆ ನೇಣಿನ ಕುಣಿಕೆಗೆ ಯಾರ ಕೊರಳು ಸರಿಹೊಂದುವುದೋ ಅವನೇ ಅಪರಾಧಿ! ಆದರೆ ಗಲ್ಲಿಗೇರುವವನು ಆ ಮೂರ್ಖ ಅರಸನೇ. ನ್ಯಾಯ ಕೆಟ್ಟ ರಾಜ್ಯದ ಗತಿಯನ್ನು ಪುಟ್ಟ ನಾಟಕವೊಂದು ಮಗುವಿಗೂ ತಿಳಿಯುವಂತೆ ಹೇಳಿತು.

ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದರ ನಿರ್ದೇಶಕರೂ ಆದ ಕಾರಂತರು ಈ ನಾಟಕವನ್ನು ರಂಗಕ್ಕೆ ತಂದರು. 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. 2002ರಲ್ಲಿ ಅವರು ಕಾಲವಾದರು.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಊರು ಬಿಟ್ಟು ಬಂದ ಮಾಣಿಯೊಬ್ಬನು ನಮ್ಮಲ್ಲಿದ್ದನು. ಲೋಟ ತೊಳೆಯುತ್ತ ಯಕ್ಷಗಾನದ ಪದ ಹಾಡುತ್ತಿದ್ದನು. ಗಿರಾಕಿಗಳಿಗೆ ತೊಂದರೆಯೆಂದು ನಾವು ಗದರಿಸಿದೆವು, ಹಾಡು ನಿಂತಿತು. ಕೆಲವು ತಿಂಗಳಲ್ಲಿ ಅವನೂ ಹೊರಟುಹೋದನು. ಎಸ್. ಎಸ್. ಎಲ್. ಸಿ.ಗೇ ಓದು ಮುಗಿಸಿದ ನಮಗೆ, ಅವನನ್ನು ರಾತ್ರಿಶಾಲೆಗಾದರೂ ಕಳುಹಿಸಬೇಕೆಂದು ಹೊಳೆಯದೆ ಹೋಯಿತು.

ಕಾರಂತರ ಪ್ರತಿಭೆ ಅವರದೇ. ಆದರೆ ಅವರನ್ನು ಕಾಶಿಗೆ ಕಳುಹಿಸಿದವರು ಒಬ್ಬ ಯಜಮಾನರು ಎಂಬುದನ್ನು ನಾವು ಮರೆಯಲಾಗದು. ನಮ್ಮ ಹೋಟೆಲು ಬಾಂಧವರ ಅಡಿಗೆಮನೆಗಳಲ್ಲಿ ಇಂದಿಗೂ ಇಂತಹ ಹುಡುಗರು ಇದ್ದಾರು. ಗದರಿಸುವ ಮುನ್ನ ಒಂದು ಗಳಿಗೆ ಅವರ ಹಾಡನ್ನು ಕೇಳಿರೆಂದು ನಮ್ಮ ವಿನಂತಿ.