ಸವಳು ನೆಲದ ಬೇರಿಗೆ ಜತೆಗಾರರು

ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಎರೆ ಹೊಲಗಳಲ್ಲಿ ಬೇಸಿಗೆ ಬಂತೆಂದರೆ ತಗ್ಗಿನ ಮಡಿಗಳ ಮೇಲೆ ಬಿಳಿ ಪುಡಿ ಏಳುತ್ತದೆ. ರೈತರು ಅದನ್ನು ಸವಳು ಎನ್ನುತ್ತಾರೆ. ನೀರು ಬಸಿಯದೆ ನಿಂತರೆ ಅದು ಜವಳು. ಇವೆರಡೂ ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಆ ನೀರಿನ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಲಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅಂತರ್ಜಲ ಮೇಲೇರಿತು, ಅದರೊಡನೆ ಮಣ್ಣಿನಾಳದ ಲವಣವೂ ಮೇಲೆ ಬಂತು.

ಅಂಥ ಹೊಲದಲ್ಲಿ ನೀರಿದ್ದರೂ ಬೆಳೆ ಬಾಡುತ್ತದೆ. ಮಣ್ಣಿನ ದ್ರಾವಣದಲ್ಲಿ ಉಪ್ಪು ಹೆಚ್ಚಿದಷ್ಟೂ ಬೇರಿಗೆ ನೀರೆಳೆಯುವುದು ಕಷ್ಟ. ಪೊಟ್ಯಾಷಿಯಂ ಮಾಡಬೇಕಾದ ಕೆಲಸಗಳಿಗೆ ಒಳಗೆ ಹೊಕ್ಕ ಸೋಡಿಯಂ ಅಡ್ಡ ನಿಲ್ಲುತ್ತದೆ. ಮೂರನೆಯ ಪೆಟ್ಟನ್ನು ಗಿಡ ತನಗೆ ತಾನೇ ಕೊಟ್ಟುಕೊಳ್ಳುತ್ತದೆ. ಬಾಳೆಕಾಯಿ ಹಣ್ಣಾಗಿಸುವ ಎಥಿಲೀನ್ ಅನಿಲವೇ ಸಂಕಟದ ಹೊತ್ತಿನಲ್ಲಿ ಗಿಡದೊಳಗೆ ಅತಿಯಾಗಿ ಹುಟ್ಟಿ, ಬೇರಿನ ಬೆಳವಣಿಗೆಯನ್ನು ತಡೆದು, ಎಲೆಗಳನ್ನು ಅಕಾಲದಲ್ಲಿ ಮುಪ್ಪಾಗಿಸುತ್ತದೆ.

ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ನೆರವಾಗುವುದು ಈ ಮೂರನೆಯ ಪೆಟ್ಟಿನಲ್ಲಿ. ಎಥಿಲೀನ್ ತಯಾರಾಗುವ ಮೊದಲು ಗಿಡದಲ್ಲಿ ಎಸಿಸಿ ಎಂಬ ವಸ್ತು ಹುಟ್ಟುತ್ತದೆ. ಅದರಲ್ಲಿ ಒಂದಷ್ಟು ಬೇರಿನಿಂದ ಹೊರಕ್ಕೆ ಒಸರುತ್ತದೆ. ಬೇರಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ತನ್ನ ಕಿಣ್ವದಿಂದ ಅದನ್ನು ಒಡೆದು, ಸಿಕ್ಕ ಅಮೋನಿಯಾವನ್ನು ಸಾರಜನಕದ ಆಹಾರವಾಗಿ ಬಳಸುತ್ತದೆ. ಹೊರಗೆ ಎಸಿಸಿ ಕಡಿಮೆಯಾದಂತೆ ಒಳಗಿನದು ಮತ್ತಷ್ಟು ಹೊರಬರುತ್ತದೆ, ಎಥಿಲೀನ್‌ಗೆ ಕಚ್ಚಾವಸ್ತುವೇ ಸಾಲದಾಗುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು 1998ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಹಸಿದ ಸೂಕ್ಷ್ಮಜೀವಿಯೊಂದು ತನ್ನ ಹೊಟ್ಟೆಪಾಡಿಗಾಗಿ ಮಾಡುವ ಕೆಲಸ ಗಿಡದ ಜೀವ ಉಳಿಸುತ್ತದೆಂಬುದು ನಿಜಕ್ಕೂ ಬೆರಗಿನ ಸಂಗತಿ.

ಆರು ವರ್ಷಗಳ ನಂತರ ಇದಕ್ಕೆ ಗಟ್ಟಿ ಪುರಾವೆ ದೊರೆಯಿತು. ದಕ್ಷಿಣ ಇಸ್ರೇಲಿನ ಅರಾವಾ ಒಣ ಸೀಮೆಯಿಂದ ತಂದ ಅಕ್ರೋಮೊಬ್ಯಾಕ್ಟರ್ ತಳಿಯೊಂದನ್ನು ಶಿಮೋನ್ ಮಾಯಕ್, ಗ್ಲಿಕ್ ಮೊದಲಾದವರು ಟೊಮೆಟೊ ಸಸಿಗಳಿಗೆ ಉಣಿಸಿದರು. ಲೀಟರಿಗೆ ಸುಮಾರು 10 ಗ್ರಾಂ ಉಪ್ಪಿದ್ದ ನೀರಿನಲ್ಲೂ ಆ ಸಸಿಗಳು ಉಳಿದವಕ್ಕಿಂತ ದಷ್ಟಪುಷ್ಟವಾಗಿ ಬೆಳೆದವು. ಎಥಿಲೀನ್ ಇಳಿದಿತ್ತು. ಸಸಿಯೊಳಗಿನ ಸೋಡಿಯಂ ಮಾತ್ರ ಇಳಿದಿರಲಿಲ್ಲ. ಈ ಕೊನೆಯ ಅಂಶವನ್ನು ಯಾರೂ ಮರೆಯಬಾರದು. ಆ ಬ್ಯಾಕ್ಟೀರಿಯಾ ಉಪ್ಪನ್ನು ತೆಗೆದಿರಲಿಲ್ಲ, ಉಪ್ಪನ್ನು ತಾಳುವ ಶಕ್ತಿ ಕೊಟ್ಟಿತ್ತು.

ದಾರಿ ಇದೊಂದೇ ಅಲ್ಲ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ತಳಿ, ಸಾಸಿವೆ ಕುಟುಂಬದ ಪ್ರಯೋಗಸಸ್ಯದಲ್ಲಿ ಸೋಡಿಯಂ ಸಾಗಿಸುವ ವಂಶವಾಹಿಯ ಚಟುವಟಿಕೆಯನ್ನು ಬೇರಿನಲ್ಲಿ ತಗ್ಗಿಸಿದ್ದು 2008ರಲ್ಲಿ ವರದಿಯಾಯಿತು. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಸ್ರವಿಸುವ ಅಂಟು ಬೇರಿನ ಸುತ್ತಲೇ ಸೋಡಿಯಂ ಅನ್ನು ಹಿಡಿದಿಡುತ್ತದೆ.

ಇಂಥವನ್ನು ಎಲ್ಲಿ ಹುಡುಕಬೇಕು? ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡ ಯೂಟಾ ರಾಜ್ಯದ ಗೋಷೆನ್ ಎಂಬಲ್ಲಿನ ಉಪ್ಪು ನೆಲಕ್ಕೆ ಹೋಯಿತು. ಅಲ್ಲಿ ತಾನಾಗಿ ಬೆಳೆಯುವ ಉಪ್ಪುಸಹಿಷ್ಣು ಗಿಡಗಳ ಬೇರಿನಿಂದ ಪ್ರತ್ಯೇಕಿಸಿದ ಹ್ಯಾಲೊಮೊನಾಸ್ ಮತ್ತು ಬ್ಯಾಸಿಲಸ್ ತಳಿಗಳು ಶೇ 1ರ ಉಪ್ಪಿನಲ್ಲೂ ಕುದುರೆಮಸಾಲೆ ಮೇವಿನ ಬೆಳವಣಿಗೆಯನ್ನು ಹೆಚ್ಚಿಸಿದ್ದನ್ನು 2019ರಲ್ಲಿ ಪ್ರಕಟಿಸಿತು. ಭಾರತದಲ್ಲೂ ಕೆಲಸ ನಡೆದಿದೆ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಲಕ್ನೋ ಕೇಂದ್ರವು ಎರಡು ಬ್ಯಾಸಿಲಸ್ ಪ್ರಭೇದಗಳನ್ನು ಟ್ರೈಕೋಡರ್ಮಾ ಶಿಲೀಂಧ್ರದೊಡನೆ ಕೂಡಿಸಿ 'ಸಿಎಸ್‌ಆರ್-ಬಯೊ' ಎಂಬ ಮಿಶ್ರಣ ರೂಪಿಸಿದೆ. ಅದು ಉತ್ತರ ಪ್ರದೇಶದ ಕ್ಷಾರ ಮಣ್ಣಿನಲ್ಲಿ ಬಾಳೆ, ತರಕಾರಿಗಳಿಗೆ ಬಳಕೆಯಾಗಿದೆ.

ಕುಂಡದಲ್ಲಿ ಗೆದ್ದದ್ದು ಹೊಲದಲ್ಲಿ ಸೋಲುವುದುಂಟು. ಹೊಲದ ಮಣ್ಣಿನಲ್ಲಿ ಮೊದಲೇ ನೆಲೆಸಿದ ಅಸಂಖ್ಯ ಸೂಕ್ಷ್ಮಜೀವಿಗಳು ಹೊಸಬರಿಗೆ ಸುಲಭವಾಗಿ ಜಾಗ ಬಿಡುವುದಿಲ್ಲ. ಎಲ್ಲಿಂದಲೋ ತಂದ ತಳಿಗಿಂತ ಕಾರಟಗಿ, ಸಿಂಧನೂರಿನ ಸವಳಿನಲ್ಲೇ ಹಸಿರಾಗಿ ನಿಂತ ಹುಲ್ಲಿನ ಬೇರನ್ನು ಮೊದಲು ಪರೀಕ್ಷಿಸುವುದು ಲೇಸು. ಬಸಿಗಾಲುವೆಯ ಹಣವನ್ನು ಉಳಿಸಲು ಜೀವಾಣು ಪೊಟ್ಟಣ ಹಂಚುವುದಂತೂ ರೈತರಿಗೆ ಮಾಡುವ ಅನ್ಯಾಯ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನೆಲದಡಿಯ ಬಸಿಕೊಳವೆಗಳ ಮೇಲೆ ಬಹುಕಾಲದಿಂದ ದುಡಿಯುತ್ತಿರುವುದು, ಉಪ್ಪು ಹೊಲದಿಂದ ಹೊರಹೋಗಲು ನೀರಿನ ದಾರಿಯೇ ಬೇಕೆಂಬ ಕಾರಣಕ್ಕೆ. ಕ್ಷಾರ ಮಣ್ಣಿಗೆ ಜಿಪ್ಸಂ ತಪ್ಪದು. ಇವುಗಳ ಜೊತೆ ಬ್ಯಾಕ್ಟೀರಿಯಾ ಬಂದರೆ, ನೆಲ ಸುಧಾರಿಸುವ ತನಕದ ವರ್ಷಗಳಲ್ಲಿ ರೈತನ ಕೈಗೆ ಒಂದಿಷ್ಟು ಬೆಳೆ ಹತ್ತುತ್ತದೆ.

ಪೊಟ್ಟಣದಲ್ಲಿರುವುದು ಜೀವವಾದ್ದರಿಂದ ಅದನ್ನು ಬಿಸಿಲಿನಲ್ಲಿ, ರಸಗೊಬ್ಬರದ ಮೂಟೆಯ ಪಕ್ಕ ಇಡುವಂತಿಲ್ಲ. ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಬೇಕು. ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಹಚ್ಚುವುದಿದ್ದರೆ ಅವು ಮೊದಲು, ಬೆಲ್ಲದ ಪಾಕದಲ್ಲಿ ಕಲಸಿದ ಜೀವಾಣು ಎಲ್ಲಕ್ಕಿಂತ ಕೊನೆಗೆ. ಬಳಿಕ ನೆರಳಲ್ಲಿ ಆರಿಸಿ ಬೇಗ ಬಿತ್ತಬೇಕು. ಭತ್ತವಾದರೆ ನಾಟಿಗೆ ಮುಂಚೆ ಸಸಿಯ ಬೇರನ್ನು ದ್ರಾವಣದಲ್ಲಿ ಅದ್ದಬಹುದು. ಮೊದಲ ವರ್ಷ ಒಂದು ಮಡಿಯನ್ನು ಉಪಚರಿಸದೆ ಬಿಟ್ಟು, ಎರಡರ ಇಳುವರಿಯನ್ನೂ ಬೇರೆಬೇರೆಯಾಗಿ ಒಕ್ಕಿ ತೂಗಿದರೆ, ಮುಂದಿನ ಹಂಗಾಮಿಗೆ ಆ ಪೊಟ್ಟಣ ಕೊಳ್ಳಬೇಕೇ ಬೇಡವೇ ಎಂಬುದನ್ನು ರೈತರೇ ತೀರ್ಮಾನಿಸಬಹುದು.