ಮಾರುವ ಮನೆಯ ಸಿಂಗಾರ

ನ್ಯೂಜೆರ್ಸಿಯಲ್ಲಿ 19 ವರ್ಷ ಬಾಳಿದ ಮನೆಯನ್ನು ಮಾರಲು ಹೊರಟಾಗ ನಮ್ಮ ಏಜೆಂಟ್ ಮೊದಲು ಹೇಳಿದ ಮಾತು: “ಇನ್ನು ಮುಂದೆ ಇದು ನಿಮ್ಮ ಮನೆಯಂತೆ ಕಾಣಬಾರದು.” ಆಗ ಒರಟೆನಿಸಿದ ಆ ಮಾತಿನ ತರ್ಕ ಕ್ರಮೇಣ ತಿಳಿಯಿತು.

ಮಾರಾಟಕ್ಕಿಟ್ಟ ಮನೆಯನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅಣಿಗೊಳಿಸುವುದನ್ನು ಅಮೆರಿಕದಲ್ಲಿ ‘ಹೋಮ್ ಸ್ಟೇಜಿಂಗ್’ ಎನ್ನುತ್ತಾರೆ. 1970ರ ದಶಕದಲ್ಲಿ ಸಿಯಾಟಲ್ ಪ್ರದೇಶದಲ್ಲಿ ಮನೆಗಳನ್ನು ಮಾರುತ್ತಿದ್ದ ಬಾರ್ಬ್ ಶ್ವಾರ್ಜ್ ಎಂಬುವರು ಇದಕ್ಕೊಂದು ಪದ್ಧತಿಯ ರೂಪ ಕೊಟ್ಟರೆಂಬ ಮನ್ನಣೆಯಿದೆ. ಗೃಹಾಲಂಕಾರವು ವಾಸಿಸುವವರ ಅಭಿರುಚಿಯನ್ನು ತೋರಿಸಿದರೆ, ಸ್ಟೇಜಿಂಗ್ ಅದನ್ನು ಹಿಂದಕ್ಕೆ ಸರಿಸುತ್ತದೆ. ನೋಡಲು ಬಂದವರು ತಮ್ಮ ಬದುಕನ್ನು ಅಲ್ಲಿ ಕಲ್ಪಿಸಿಕೊಳ್ಳುವಂತಾಗಬೇಕು.

ಕೆಲಸ ಮೂರು ಹಂತದ್ದು. ಮೊದಲನೆಯದು ತೆರವು. ತುಂಬಿ ತುಳುಕುವ ಕ್ಲಾಸೆಟ್ ಕಂಡರೆ ಮನೆಯಲ್ಲಿ ಜಾಗ ಸಾಲದೆಂದೇ ಅನಿಸುತ್ತದೆ. ಆದ್ದರಿಂದ ಹೆಚ್ಚಿನ ಸಾಮಾನು ಬಾಡಿಗೆಯ ಸ್ಟೋರೇಜಿಗೆ ಹೋಗಬೇಕು. ಎರಡನೆಯದು ದುರಸ್ತಿ: ತೊಟ್ಟಿಕ್ಕುವ ನಲ್ಲಿ, ಗೋಡೆಯ ತೂತು, ಮಾಸಿದ ಬಣ್ಣ. ಮೂರನೆಯದು ಜೋಡಣೆ: ಓಡಾಟಕ್ಕೆ ಎಡೆ, ಧಾರಾಳ ಬೆಳಕು, ಪ್ರತಿ ಕೋಣೆಗೂ ಒಂದು ಸ್ಪಷ್ಟ ಉಪಯೋಗ. ಹಣ ಕಡಿಮೆಯಿದ್ದರೆ ಲಿವಿಂಗ್ ರೂಮ್, ದೊಡ್ಡ ಮಲಗುವ ಕೋಣೆ ಮತ್ತು ಅಡುಗೆಮನೆಗೆ ಆದ್ಯತೆ ಕೊಡುವುದು ಲೇಸು. ಖರೀದಿದಾರರು ಮನೆಯನ್ನು ಮೊದಲು ನೋಡುವುದು ಅಂತರಜಾಲದ ಚಿತ್ರಗಳಲ್ಲಿ.

ಚಿತ್ರದಲ್ಲಿ ಕಾಣದಿರುವುದು ವಾಸನೆ. ನಿತ್ಯದ ಒಗ್ಗರಣೆಯ ಘಾಟು ಮನೆಯವರ ಮೂಗಿಗೆ ತಟ್ಟುವುದೇ ಇಲ್ಲ. ಪರಿಮಳ ಸಿಂಪಡಿಸಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಪರದೆ, ಕಾರ್ಪೆಟ್, ಒಲೆಯ ಮೇಲಿನ ಹೊಗೆ ಎಳೆಯುವ ಯಂತ್ರದ ಜಾಲರಿ, ಇವನ್ನು ತೊಳೆಯುವುದೇ ಪರಿಹಾರ.

ನಮಗೆ ಕಠಿಣವಾದದ್ದು ದೇವರ ಮನೆ. ಅಡುಗೆಮನೆಯ ಪಕ್ಕದ ಉಗ್ರಾಣವನ್ನೇ ನಾವು ದೇವರ ಮನೆ ಮಾಡಿಕೊಂಡಿದ್ದೆವು. ಅದು ಮತ್ತೆ ಉಗ್ರಾಣವಾಗಬೇಕಿತ್ತು. “ದೇವರನ್ನು ಎಲ್ಲಿಗೆ ಕಳಿಸುತ್ತೀಯಮ್ಮ?” ಎಂದು ಅತ್ತೆಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೊಳ್ಳುವವರ ಧರ್ಮ ನೋಡಿ ಮನೆ ಮಾರಲು ನಿರಾಕರಿಸುವುದನ್ನು 1968ರ ಫೇರ್ ಹೌಸಿಂಗ್ ಕಾಯಿದೆ ನಿಷೇಧಿಸುತ್ತದೆ. ಆದರೆ ಮಾರುವವರ ದೇವರನ್ನು ಕಂಡು ಮೌನವಾಗಿ ಹಿಂದಿರುಗುವವರನ್ನು ಯಾವ ಕಾಯಿದೆ ತಡೆದೀತು? ಭಾರತೀಯರೇ ಹೆಚ್ಚಿರುವ ಬಡಾವಣೆಯಲ್ಲಿ ದೇವರ ಮನೆಯೇ ಆಕರ್ಷಣೆಯಾದೀತು, ನಮ್ಮದು ಅಂಥದ್ದಲ್ಲ. ಓಪನ್ ಹೌಸ್ ಇದ್ದ ಭಾನುವಾರ ಅತ್ತೆಯವರು ದೇವರ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎರಡು ಗಂಟೆ ಕಾರಿನಲ್ಲಿ ಕುಳಿತಿದ್ದರು.

ಸಿಂಗಾರಕ್ಕೂ ಒಂದು ಎಲ್ಲೆಯಿದೆ. ನಮ್ಮ ಅಭಿರುಚಿಯನ್ನು ಮರೆಮಾಡಬಹುದು, ಮನೆಯ ದೋಷವನ್ನಲ್ಲ. ಕೊಳೆತ ನೆಲದ ಮೇಲೆ ಜಮಖಾನೆ ಹಾಸುವುದು ವಂಚನೆ. 1978ಕ್ಕಿಂತ ಮುಂಚೆ ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಬಗ್ಗೆ ತಿಳಿದದ್ದನ್ನು ಕೊಳ್ಳುವವರಿಗೆ ಹೇಳಲೇಬೇಕೆಂದು ಕೇಂದ್ರ ಕಾನೂನಿದೆ. ಕಂಪ್ಯೂಟರಿನಲ್ಲಿ ಪೀಠೋಪಕರಣ ಜೋಡಿಸಿದ ಚಿತ್ರವನ್ನು ಹಾಕಿದರೆ, ಹಾಗೆಂದು ತಿಳಿಸುವುದು ಪ್ರಾಮಾಣಿಕತೆ.

ಕೊನೆಯ ದಿನ ಖಾಲಿ ಮನೆಯಲ್ಲಿ ನಿಂತು ನೋಡಿದೆ. ಗೋಡೆಗಳು ಬೆಳಗುತ್ತಿದ್ದವು, ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. 19 ವರ್ಷ ನಮಗಾಗಿ ಮಾಡಿಕೊಳ್ಳದ್ದನ್ನು ಅಪರಿಚಿತರಿಗಾಗಿ ಮೂರು ವಾರದಲ್ಲಿ ಮಾಡಿ ಮುಗಿಸಿದ್ದೆವು. ಓದುಗರಲ್ಲಿ ನನ್ನ ಬಿನ್ನಹವಿಷ್ಟೇ: ನಲ್ಲಿಯನ್ನಾದರೂ ಈಗಲೇ ಸರಿಪಡಿಸಿಕೊಳ್ಳಿ.