ಕತ್ತಲ ಸಭಾಂಗಣಕ್ಕೆ ಯಾವ ಲೆನ್ಸು?

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬರಾದ ಮೇಲೊಬ್ಬರು ಮೂವರು ಬಂದು ಒಂದೇ ಪ್ರಶ್ನೆ ಕೇಳಿದರು. "ಅಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತೊಗೊಂಡಿದೀನಿ, ಮಗಳ ಡ್ಯಾನ್ಸ್ ಮಾತ್ರ ಮಸುಕು ಮಸುಕಾಗಿ ಬರುತ್ತಲ್ರೀ, ಯಾವ ಲೆನ್ಸ್ ತೊಗೋಬೇಕು?" ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಕೊಡುವ ಉತ್ತರ ಅಲ್ಲ ಇದು. "ಬರೆದು ಕೊಡ್ತೀನಿ" ಅಂತ ಹೇಳಿ ತಪ್ಪಿಸಿಕೊಂಡೆ. ಹಿಂದೆ ನಿಂತಿದ್ದ ಸಂಪಾದಕರ ಕಿವಿಗೆ ಅದು ಬಿತ್ತು. ಅದರ ಫಲ ಈಗ ನಿಮ್ಮ ಮುಂದಿದೆ.

ನಾನೇನೂ ಫೋಟೋಗ್ರಾಫರ್ ಅಲ್ಲ. ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಈ ವಿಷಯ ಕಲಿತದ್ದು ಒಂದು ಕೆಟ್ಟ ಫೋಟೋದಿಂದ. 2017ರಲ್ಲಿ ಅಪ್ಪ ಆರು ತಿಂಗಳಿಗೆಂದು ಡಾಲಸ್‌ಗೆ ಬಂದಿದ್ದರು. ದೀಪಾವಳಿ ಕಾರ್ಯಕ್ರಮದಲ್ಲಿ ಹಿರಿಯರೆಂದು ಅವರನ್ನೇ ವೇದಿಕೆಗೆ ಕರೆದು ದೀಪ ಹಚ್ಚಿಸಿದರು. ಹೈಸ್ಕೂಲ್ ಆಡಿಟೋರಿಯಮ್, ಮಂದ ಬೆಳಕು, ಪಕ್ಕದಲ್ಲಿ ನನ್ನ ಮೂರು ವರ್ಷದ ಮಗಳು ಅಜ್ಜನ ಪಂಚೆ ಹಿಡಿದು ನಿಂತಿದ್ದಾಳೆ. ನನ್ನ ಹತ್ತಿರ ನಿಕಾನ್ ಡಿ5300, ಅದರ ಜೊತೆಗೇ ಬಂದ 18-55 ಝೂಮ್ ಲೆನ್ಸ್. ಹನ್ನೊಂದು ಸಲ ಒತ್ತಿದೆ. ಹನ್ನೊಂದರಲ್ಲೂ ಅಪ್ಪನ ಮುಖದ ಜಾಗದಲ್ಲಿ ಒಂದು ಬಿಳೀ ಗೀರು. ಕಂಬಗಳು, ಬ್ಯಾನರು ಮಾತ್ರ ಸ್ಪಷ್ಟ. ಅಪ್ಪ 2019ರಲ್ಲಿ ತೀರಿಕೊಂಡರು. ಆ ದಿನದ ಫೋಟೋ ದೊಡ್ಡದು ಮಾಡಿಸಿ ಕಳಿಸು ಅಂತ ಅಮ್ಮ ಕೇಳಿದಾಗ ನನ್ನ ಹತ್ತಿರ ಕಳಿಸಲು ಏನೂ ಇರಲಿಲ್ಲ.

ಆಮೇಲೆ ಆ ಫೈಲುಗಳನ್ನು ತೆರೆದು ಅಂಕಿ ನೋಡಿದೆ. ಅಪರ್ಚರ್ ಎಫ್/5.6, ಶಟರ್ 1/15 ಸೆಕೆಂಡ್, ಐಎಸ್ಒ 800. ಮನುಷ್ಯ ಅಲುಗಾಡದೆ ನಿಂತಿದ್ದರೂ 1/15 ಸಾಲದು. ಬಗ್ಗಿ ದೀಪ ಹಚ್ಚುವವರಿಗೆ ಎಲ್ಲಿಂದ ಸಾಕು!

ಇನ್ನು ಈ ಅಂಕಿಗಳ ಅರ್ಥ. ಊರಿನ ಹಂಚಿನ ಮನೆಯ ಬೆಳಕಿಂಡಿ ನೆನಪಿಸಿಕೊಳ್ಳಿ. ಕಿಂಡಿ ದೊಡ್ಡದಾದಷ್ಟೂ ಒಳಗೆ ಬೆಳಕು ಹೆಚ್ಚು. ಲೆನ್ಸಿನ ಕಿಂಡಿಯೇ ಅಪರ್ಚರ್. ಫೋಕಲ್ ಲೆಂಗ್ತನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿಲಿಮೀಟರ್ ಲೆನ್ಸಿಗೆ ಎಫ್/1.8 ಅಂದರೆ ಸುಮಾರು 28 ಮಿ.ಮೀ. ಕಿಂಡಿ, ಎಫ್/5.6 ಅಂದರೆ 9 ಮಿ.ಮೀ. ಮಾತ್ರ. ಭಾಗಾಕಾರ ಆದ್ದರಿಂದ ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು. ಬೆಳಕು ವರ್ಗದ ಲೆಕ್ಕದಲ್ಲಿ ಹೆಚ್ಚುವುದರಿಂದ ಎಫ್/1.8ರಲ್ಲಿ ಎಫ್/5.6ಕ್ಕಿಂತ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು. ನನ್ನ 1/15 ಆಗ 1/150 ಆಗುತ್ತಿತ್ತು. ಅಪ್ಪನ ಮುಖ ಸಿಗುತ್ತಿತ್ತು.

ಇಂಥ ದೊಡ್ಡ ಕಿಂಡಿಯ ಲೆನ್ಸನ್ನು ಫಾಸ್ಟ್ ಅನ್ನುತ್ತಾರೆ. ಓಡುವುದು ಲೆನ್ಸಲ್ಲ, ಶಟರ್. ಝೂಮ್ ಇಲ್ಲದೆ ಒಂದೇ ಫೋಕಲ್ ಲೆಂಗ್ತ್ ಇರುವುದು ಪ್ರೈಮ್. ಹತ್ತಿರ ಬೇಕಾದರೆ ನೀವೇ ನಡೆದು ಹೋಗಬೇಕು. ಝೂಮ್ ಬಿಟ್ಟುಕೊಟ್ಟದ್ದಕ್ಕೇ ಇಷ್ಟು ದೊಡ್ಡ ಕಿಂಡಿ ಕಡಿಮೆ ಬೆಲೆಗೆ ಸಿಗುವುದು.

ಸರಿ, ಯಾವುದು ಕೊಳ್ಳುವುದು? ಇಂಟರ್ನೆಟ್ ತುಂಬ "ಮೊದಲು 50 ತೊಗೊಳ್ಳಿ" ಅಂತಿರುತ್ತದೆ. ನಾನೂ ತೊಗೊಂಡೆ, ಅದೂ ಸೆಕೆಂಡ್ ಹ್ಯಾಂಡ್, ನಿಕಾನ್ 50 ಎಫ್/1.8 ಡಿ. ಮನೆಗೆ ತಂದು ಹಾಕಿದರೆ ಫೋಕಸ್ಸೇ ಆಗುತ್ತಿಲ್ಲ! ಹಳೆಯ ಡಿ ಲೆನ್ಸುಗಳಲ್ಲಿ ಮೋಟಾರ್ ಇರುವುದಿಲ್ಲ, ಕ್ಯಾಮೆರಾದೊಳಗಿನ ಮೋಟಾರ್ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೋಟಾರ್ ಇಲ್ಲ. ಹೆಸರಿನಲ್ಲಿ ಎಎಫ್-ಎಸ್ ಅಂತಿದ್ದರೆ ತೊಂದರೆಯಿಲ್ಲ. ಕೊಳ್ಳುವ ಮೊದಲು ಎರಡು ನಿಮಿಷ ಓದಿದ್ದರೆ ತಿಳಿಯುತ್ತಿತ್ತು. ಎಪಿಐ ಡಾಕ್ಯುಮೆಂಟೇಶನ್ ಓದದ ಜೂನಿಯರ್‌ಗಳನ್ನು ಬೈಯುವ ನಾನೇ ಹೀಗೆ ಮಾಡಿದೆ!

ಮೋಟಾರಿನ ಮಾತು ಹಾಗಿರಲಿ, ನಮ್ಮ ಮನೆಗಳಿಗೆ 50 ಸರಿಹೋಗುವುದೂ ಇಲ್ಲ. ನಮ್ಮಂಥವರ ಬಹುತೇಕ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು, ಹಳೇ ಫಿಲ್ಮಿನ ಚೌಕಟ್ಟಿಗಿಂತ ನಿಕಾನ್‌ನಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. ಹತ್ತು ಅಡಿ ದೂರದಿಂದ 50ರಲ್ಲಿ ನೋಡಿದರೆ ಸಿಗುವುದು ಸುಮಾರು ನಾಲ್ಕೂವರೆ ಅಡಿ ಅಗಲ. ಸೋಫಾದಲ್ಲಿ ಅಜ್ಜಿ ಬಂದರೆ ಅಜ್ಜ ಹೊರಗೆ. ಹಿಂದೆ ಸರಿಯೋಣ ಅಂದರೆ ಅಪಾರ್ಟ್‌ಮೆಂಟಿನ ಗೋಡೆ. ಅದೇ ದೂರದಿಂದ 35ರಲ್ಲಿ ಆರೂವರೆ ಅಡಿ ಸಿಗುತ್ತದೆ. 2009ರಲ್ಲಿ ಸುಮಾರು 200 ಡಾಲರಿಗೆ ಬಂದ ನಿಕಾನ್ ಡಿಎಕ್ಸ್ 35 ಎಫ್/1.8 ಜಿ ಇಂಥ ಕ್ಯಾಮೆರಾಕ್ಕೆಂದೇ ಮಾಡಿದ್ದು. ಹುಟ್ಟುಹಬ್ಬ, ನಾಮಕರಣ, ಸತ್ಯನಾರಾಯಣ ಪೂಜೆ ಎಲ್ಲಕ್ಕೂ ನನಗೆ ಅದೇ.

ಆಸ್ಟಿನ್‌ನಲ್ಲೂ ಅದೇ ಕೈಹಿಡಿಯಿತು. ಮಾರ್ಚಿನಿಂದ ಶರತ್ಕಾಲದವರೆಗೆ ಅಲ್ಲಿನ ಕಾಂಗ್ರೆಸ್ ಅವೆನ್ಯೂ ಸೇತುವೆಯ ಅಡಿಯಿಂದ ಸಂಜೆ ಹೊತ್ತು ಸುಮಾರು 15 ಲಕ್ಷ ಬಾವಲಿಗಳು ಹೊರಡುತ್ತವೆ. ಮಬ್ಬು ಬೆಳಕು, ವೇಗದ ಜೀವಿಗಳು. ಬಾವಲಿ ಹಿಡಿಯಲು ಹೋಗಿ ಸೋತೆ. ತಲೆಯೆತ್ತಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಮಗಳ ಮುಖ ಮಾತ್ರ ಚೆನ್ನಾಗಿ ಬಂದಿದೆ.

ವೇದಿಕೆಯ ಲೆಕ್ಕ ಬೇರೆ. ಮೂರನೇ ಸಾಲಿನಿಂದ ನರ್ತಕಿಗೆ 25 ಅಡಿ ಅಂದುಕೊಳ್ಳಿ. 85 ಹಾಕಿ ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಏಳು ಅಡಿ ಎತ್ತರ ಸಿಗುತ್ತದೆ: ತಲೆಯ ಮೇಲೆತ್ತಿದ ಕೈಯಿಂದ ಗೆಜ್ಜೆಯವರೆಗೆ ಒಂದು ಮಗು. ಗುಂಪು ನೃತ್ಯವಾದರೆ 50 ಮೇಲು. ಕುಣಿಯುವ ಕಾಲಿಗೆ ಕನಿಷ್ಠ 1/250 ಬೇಕು. ಐಎಸ್ಒ 1600, 3200ಕ್ಕೆ ಏರಿಸಲು ಹೆದರಬೇಡಿ. ಕಾಳು ಕಾಳಾದ ಫೋಟೋ ಗೋಡೆಗೆ ಹಾಕಬಹುದು, ಮಸುಕಾದ್ದನ್ನು ಆಗುವುದಿಲ್ಲ. ಅಂದು ನಾನು 800ಕ್ಕೇ ನಿಲ್ಲಿಸಿದ್ದು ಈ ಹೆದರಿಕೆಯಿಂದಲೇ.

ಹೆಚ್ಚು ಜನ ಎಡವುವುದು ಇನ್ನೊಂದು ಕಡೆ: ಎಫ್/1.8 ಸಾಕೋ, ಎಫ್/1.4 ಬೇಕೋ? ನಿಕಾನ್ 85 ಎಫ್/1.8 ಜಿ 2012ರಲ್ಲಿ ಬಂದಾಗ ಬೆಲೆ 500 ಡಾಲರ್, ತೂಕ 350 ಗ್ರಾಂ. 2010ರ ಎಫ್/1.4 ಜಿ 1,700 ಡಾಲರ್, 595 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚು ಹಣಕ್ಕೆ ಸಿಗುವ ಬೆಳಕು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಅಷ್ಟನ್ನು ಐಎಸ್ಒ ತುಸು ಏರಿಸಿ ಪುಕ್ಕಟೆ ಪಡೆಯಬಹುದು. ಮೇಲಾಗಿ ಕಿಂಡಿ ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ. 85ರಲ್ಲಿ ಎಫ್/1.8ಕ್ಕೆ ಹತ್ತು ಅಡಿ ದೂರದಲ್ಲಿ ಆ ಆಳ ಮೂರೂವರೆ ಇಂಚು: ಕಣ್ಣು ಸ್ಪಷ್ಟ, ಕಿವಿಯ ಜುಮುಕಿ ಮಸುಕು. ಎರಡು ಸಾಲಿನಲ್ಲಿ ನಿಂತ ಮಕ್ಕಳಿಗೆ ಎಫ್/4 ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿಂದಿನ ಸಾಲಿನ ತಾಯಂದಿರು ನಿಮ್ಮನ್ನು ಬಿಡುವುದಿಲ್ಲ.

ಈ ಹುಚ್ಚಿನ ತುತ್ತತುದಿ ನೋಡಬೇಕೆಂದರೆ ಹ್ಯೂಸ್ಟನ್ನಿನ ನೆಂಟ ನಾಸಾವನ್ನೇ ನೋಡಬೇಕು. ಚಂದ್ರನ ಕಾಣದ ಬದಿಯ ಚಿತ್ರ ತೆಗೆಯಲೆಂದು 1966ರಲ್ಲಿ ಝೈಸ್ ಕಂಪನಿ ನಾಸಾಕ್ಕಾಗಿ 50 ಮಿ.ಮೀ. ಎಫ್/0.7 ಲೆನ್ಸ್ ಮಾಡಿತು. ಒಟ್ಟು ಹತ್ತೇ ಮಾಡಿದ್ದು. ಅವುಗಳಲ್ಲಿ ಮೂರನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊಂಡು, 1975ರ 'ಬ್ಯಾರಿ ಲಿಂಡನ್' ಚಿತ್ರದ ದೃಶ್ಯಗಳನ್ನು ಬರೀ ಮೇಣದ ಬತ್ತಿಯ ಬೆಳಕಲ್ಲಿ ತೆಗೆದ. ಫೋಕಸ್ ತಪ್ಪಬಾರದೆಂದು ನಟರು ಹೆಚ್ಚು ಅಲುಗಾಡುವಂತೆಯೇ ಇರಲಿಲ್ಲವಂತೆ. ನಮ್ಮ ಮಕ್ಕಳಿಗೆ ಹಾಗೆ ಹೇಳಿ ನೋಡಿ!

ಹಗಲಿಗೆ ಇದ್ಯಾವುದೂ ಬೇಕಿಲ್ಲ. ಏಪ್ರಿಲ್‌ನಲ್ಲಿ ಎನಿಸ್ ಕಡೆ ಬ್ಲೂಬಾನೆಟ್ ಹೂಗಳ ನಡುವೆ ಮಗುವನ್ನು ಕೂರಿಸಿ ತೆಗೆಯುತ್ತೀರಲ್ಲ, ಆ ಬಿಸಿಲಲ್ಲಿ ಎಫ್/1.8 ಇಟ್ಟರೆ ಶಟರ್ 1/8000 ಬೇಕಾಗುತ್ತದೆ. ನನ್ನ ಕ್ಯಾಮೆರಾ 1/4000ಕ್ಕೆ ನಿಲ್ಲುತ್ತದೆ, ಫೋಟೋ ಸುಣ್ಣ ಬಳಿದ ಹಾಗಾಗುತ್ತದೆ. ಅಲ್ಲಿಗೆ ಹಳೇ ಝೂಮೇ ಸಾಕು.

ಈಗಿನ ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೂ ಲೆಕ್ಕ ಇದೇ, ಲೆನ್ಸಿನ ಹೆಸರು ಬೇರೆ. ಕ್ಯಾನನ್ ಆರ್‌ಎಫ್ 50 ಎಫ್/1.8 2020ರಲ್ಲಿ ಬಂತು, ಚಿಕ್ಕ ಸೆನ್ಸರಿನ ನಿಕಾನ್ ಝಡ್‌ಗೆ 24 ಎಫ್/1.7 2023ರಲ್ಲಿ. ಆದರೆ ಲೆನ್ಸಿಗೆ ಮೊದಲು ಬೆಳಕು ನೋಡಿ. ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಕನ್ನಡಿಗಳಿಂದ ಬಿಸಿಲು ತಿರುಗಿಸಿ ತಂದರು. ನಾವು ಅಜ್ಜಿಯ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸುವಷ್ಟಾದರೂ ಮಾಡಬಹುದು.

ಅಮ್ಮ ಫೆಬ್ರವರಿಯಲ್ಲಿ ಬರುತ್ತಿದ್ದಾರೆ. ಯುಗಾದಿ ಕಾರ್ಯಕ್ರಮದ ದಿನ ನಾನು ಮೂರನೇ ಸಾಲಿನಲ್ಲಿ ಕೂತಿರುತ್ತೇನೆ, ಚೀಲದಲ್ಲಿ 35 ಮತ್ತು 85 ಎರಡೂ ಇರುತ್ತವೆ. ನಿಕಾನ್ ಎಸ್‌ಎಲ್‌ಆರ್ ಇರುವವರು ಬಂದು ಹಾಕಿ ನೋಡಬಹುದು, ಕ್ಯಾನನ್ನಿನವರು ಮಾತಾಡಿಸಲಾದರೂ ಬನ್ನಿ. ದೀಪ ಹಚ್ಚುವ ಹೊತ್ತಿಗೆ ಮಾತ್ರ ನನ್ನ ಲೆನ್ಸ್ ನನಗೆ ವಾಪಸ್ ಬೇಕು.